ಊಟದ ಮೇಜಿನ ಐದನೇ ತರಗತಿ

ಜುಲೈ ೩, ಗುರುವಾರ

ಸೊಸೆ ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರಮ್ಮ ಹೇಳಿಬಿಟ್ಟರು. ಹೊಟ್ಟೆಯಲ್ಲಿ ಮೂರನೆಯದು. ಇನ್ನೂ ನಾಲ್ಕು ತಿಂಗಳು ತುಂಬಿಲ್ಲ, ಆಗಲೇ ಎರಡು ಸಲ ಹೆದರಿಸಿದೆ. ಮಗ ನೀರಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸದವನು, ಮನೆಗೆ ಬಂದರೆ ಮಲಗುತ್ತಾನೆ, ಎದ್ದರೆ ಹೊರಡುತ್ತಾನೆ. ಹಾಗಾದರೆ ಮಕ್ಕಳ ಪಾಠ ಯಾರು ಹೇಳಬೇಕು?

ಎರಡು ವರ್ಷದ ಹಿಂದೆ ಸೊಸೆ ಮೊಮ್ಮಗಳನ್ನು ಶಾಲೆಯಿಂದ ಬಿಡಿಸಿಕೊಂಡು ಬಂದಾಗ ಹುಡುಗಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಓದು ನಿಧಾನವೆಂದು ಅವಳನ್ನು ಚಿಕ್ಕ ಮಕ್ಕಳ ಜೊತೆ ಕೂರಿಸಿದ್ದರಂತೆ. "ಅಕ್ಷರ, ಮನೆಕೆಲಸ, ದೇವರ ಭಯ, ಮೂರೂ ಒಂದೇ ಮೇಜಿನ ಮೇಲೆ ಕಲೀಲಿ ಅತ್ತೆ. ಅವಳ ಹೆಜ್ಜೆ ಅವಳೇ ಹಾಕಲಿ," ಎಂದಿದ್ದಳು ಸೊಸೆ. ಆ ಮಾತು ನನಗೆ ಹಿಡಿಸಿತ್ತು. ಹುಡುಗಿಗೆ ಹತ್ತು ವರ್ಷ, ತೆಳ್ಳಗೆ, ಚುರುಕು. ನಾನು ಕರೆಯುವುದು ಸೂಜಿ ಎಂದು. ಆರು ವರ್ಷದ ತಮ್ಮ ಅವಳು ಹೋದಲ್ಲೆಲ್ಲ ಹಿಂದೆಯೇ ಹೋಗುವುದರಿಂದ ಅವನು ದಾರ.

ಮಧ್ಯಾಹ್ನ ಅಕ್ಕನ ಫೋನು. ಅವಳು ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. "ಇನ್ನಾದ್ರೂ ಮಕ್ಕಳನ್ನ ಶಾಲೆಗೆ ಹಾಕಿ. ಮೂರನೇ ಕ್ಲಾಸು ಮುಗಿಸಿದೋಳು ಐದನೇ ಕ್ಲಾಸಿಗೆ ಪಾಠ ಹೇಳ್ತಾಳೆ ಅಂದ್ರೆ ಜನ ನಗ್ತಾರೆ ಕಣೇ."

"ನಗಲಿ ಬಿಡಕ್ಕ. ಹಲ್ಲಿದ್ದೋರು ನಗ್ತಾರೆ," ಎಂದೆ. ಅವಳದು ಕಟ್ಟಿಸಿದ ಹಲ್ಲು. ಫೋನು ಇಟ್ಟಳು.

ನಲವತ್ತು ವರ್ಷ ಹೊಲಿಗೆ ಮಷೀನು ತುಳಿದಿದ್ದೇನೆ. ದೇವರ ವಾಕ್ಯ ಓದಲೆಂದೇ, ಒಬ್ಬಳೇ ಕೂತು ಅಕ್ಷರ ಕೂಡಿಸಿಕೊಂಡು ಕಲಿತವಳು. ಐದನೇ ತರಗತಿಯ ಪುಸ್ತಕ ನನ್ನನ್ನೇನು ಕಚ್ಚುತ್ತದೆಯೇ? ನೋಡಿಯೇಬಿಡುತ್ತೇನೆ.

ಜುಲೈ ೮, ಮಂಗಳವಾರ

ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಆರಕ್ಕೆ ಪ್ರಾರ್ಥನೆ, ಆರೂವರೆಗೆ ಬಾಯಿಪಾಠ, ಏಳಕ್ಕೆ ಲೆಕ್ಕ, ಎಂಟಕ್ಕೆ ತಿಂಡಿ, ಎಂಟೂಕಾಲಿಗೆ ಓದು. ದಾರ ಅದನ್ನು ನೋಡಿ ಕೇಳಿದ: "ಅಜ್ಜಿ, ಒಂದಕ್ಕೆ ಹೋಗೋದು ಎಷ್ಟು ಗಂಟೆಗೆ?"

ಆಗಸ್ಟ್ ೧೪, ಗುರುವಾರ

ಐದು ದಿನದಿಂದ ಮಳೆ. ಬಟ್ಟೆ ಒಣಗುತ್ತಿಲ್ಲ, ಮಕ್ಕಳ ತಲೆ ಓಡುತ್ತಿಲ್ಲ, ನನ್ನ ಮಂಡಿ ಬಗ್ಗುತ್ತಿಲ್ಲ. ವೇಳಾಪಟ್ಟಿ ಇನ್ನೂ ಗೋಡೆಯ ಮೇಲಿದೆ, ಯಾರೂ ಅದರ ಕಡೆ ನೋಡುವುದಿಲ್ಲ. ಇವತ್ತು ಹಟ ಬಿಟ್ಟು, ಮಕ್ಕಳನ್ನು ಸೊಸೆಯ ಹಾಸಿಗೆಯ ಸುತ್ತ ಕೂರಿಸಿದೆ. ಅವಳು ಮಲಗಿದಲ್ಲೇ ಚರಿತ್ರೆ ಹೇಳಿದಳು, ಸೂಜಿ ಬಟಾಣಿ ಬಿಡಿಸುತ್ತ ಕೇಳಿದಳು. ಅಂಗಳದಲ್ಲಿ ಒಂದು ಪಾತ್ರೆ ಇಟ್ಟಿದ್ದೇವೆ. ಗಂಟೆಗೊಮ್ಮೆ ದಾರ ಓಡಿಹೋಗಿ ಎಷ್ಟು ಲೋಟ ನೀರು ತುಂಬಿತೆಂದು ಅಳೆದು ಗೆರೆ ಎಳೆಯುತ್ತಾನೆ. ನೆನೆದ ಕೋಳಿಮರಿಯಂತೆ ಒಳಗೆ ಬರುತ್ತಾನೆ. ಮಳೆಗಾಲಕ್ಕೆ ಮಳೆಯೇ ಪಾಠ ಆಗಲಿ.

ಕುರುಬನೊಬ್ಬ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದ ಕಥೆ ಹೇಳಿದೆ. ದಾರ: "ಆ ತೊಂಬತ್ತೊಂಬತ್ತನ್ನ ಯಾರು ನೋಡ್ಕೊಂಡ್ರು?" ಸೊಸೆ ಹಾಸಿಗೆಯಿಂದಲೇ, "ಅವುಗಳ ಅಜ್ಜಿ," ಎಂದಳು. ತಿಂಗಳ ಮೇಲೆ ಅವಳ ನಗು ಕೇಳಿದ್ದು.

ಸೂಜಿಯ ಓದು ಸ್ವಲ್ಪ ಸರಾಗವಾಗಿದೆ. ಎಲ್ಲಿ ನಿಂತರೂ ನಾನು ತುಟಿ ಆಡಿಸುತ್ತೇನೆ, ಅವಳು ನನ್ನ ತುಟಿ ನೋಡಿ ಹಿಡಿದುಕೊಳ್ಳುತ್ತಾಳೆ. ಹಳೇ ಮಷೀನಿಗೆ ಚಕ್ರವನ್ನು ಒಮ್ಮೆ ಕೈಯಿಂದ ತಿರುಗಿಸಿಕೊಟ್ಟರೆ ಆಮೇಲೆ ತಾನೇ ಓಡುತ್ತದಲ್ಲ, ಹಾಗೆ.

ನಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಆ ದಿನದ ತಮ್ಮ ಒಂದು ತಪ್ಪು ಹೇಳಿಕೊಳ್ಳಬೇಕು, ದೊಡ್ಡವರಿಂದ ಶುರು. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ ಎಂದೆ. ಡಾಕ್ಟರಮ್ಮ ಬೇಡವೆಂದಿದ್ದರು.

ಸೆಪ್ಟೆಂಬರ್ ೨೨, ಸೋಮವಾರ

ನಿನ್ನೆ ಸಭೆಯ ಆರಾಧನೆ ಮುಗಿದ ಮೇಲೆ, ಮನೆಯಲ್ಲೇ ಮಕ್ಕಳಿಗೆ ಕಲಿಸುವ ನಾಲ್ಕೈದು ಸಂಸಾರದವರು ಕೂತಿದ್ದೆವು. ದರ್ಜಿಯ ಹೆಂಡತಿ ಅಳುತ್ತಿದ್ದಳು. ಮಗ ಪುಸ್ತಕ ಕಂಡರೆ ಮಂಚದ ಕೆಳಗೆ ಸೇರುತ್ತಾನಂತೆ. ನಾದಿನಿಯೊಬ್ಬಳು "ನಿನ್ನ ಹುಚ್ಚಿಗೆ ಮಗು ಬಲಿ" ಎಂದಳಂತೆ.

"ನಿನ್ನ ಗಂಡ ಹೊಲಿಗೆ ತಪ್ಪಿದ್ರೆ ಬಟ್ಟೆ ಎಸೀತಾನಾ? ಹೊಲಿಗೆ ಬಿಚ್ಚುತ್ತಾನೆ, ಮತ್ತೆ ಹಾಕ್ತಾನೆ," ಎಂದೆ. "ಹದಿನೈದು ದಿನ ಪುಸ್ತಕ ಮುಚ್ಚಿಡು. ಮಳೆ ಕಡಿಮೆಯಾಗಿದೆ, ಗಿಡಮರ ಹಸಿರಾಗಿದೆ, ಹೊರಗೆ ಕರ್ಕೊಂಡು ಹೋಗು. ಹತ್ತು ಥರದ ಎಲೆ ತರಲಿ, ಹೆಸರು ತಾನೇ ಬರೀತಾನೆ. ನಾದಿನಿಗೆ ನನ್ನ ಮನೆ ದಾರಿ ತೋರಿಸು."

ಎಲ್ಲರೂ ನಕ್ಕರು. ನನಗೂ ಹುಮ್ಮಸ್ಸು ಬಂದು, ನಮ್ಮ ಸೂಜಿ ಜನವರಿಯ ಪರೀಕ್ಷೆಯಲ್ಲಿ ಊರೇ ಬೆರಗಾಗುವಂತೆ ಮಾಡುತ್ತಾಳೆ ನೋಡುತ್ತಿರಿ ಎಂದೆ. ಶಿಕ್ಷಣ ಕಚೇರಿಯವರು ವರ್ಷಕ್ಕೊಮ್ಮೆ ಮನೆಗೇ ಬಂದು ನೋಡುತ್ತಾರೆ. ಸರಿಯಾಗಿ ಕಲಿತಿದ್ದರೆ ಮುಂದಿನ ವರ್ಷಕ್ಕೆ ಅನುಮತಿ. ಇಲ್ಲದಿದ್ದರೆ ಮಗು ಶಾಲೆಗೆ ಹೋಗಬೇಕು, ಅದೇ ಕೆಳಗಿನ ತರಗತಿಗೆ.

ಸೂಜಿ ನನ್ನ ಸೆರಗು ಎಳೆದಳು. "ಹಾಗೆಲ್ಲ ಹೇಳಬೇಡ ಅಜ್ಜಿ."

ಸಂಕೋಚ, ಇನ್ನೇನು.

ಅಕ್ಟೋಬರ್ ೧೫, ಬುಧವಾರ

ಸೊಸೆಗೆ ನೋವು. ಆಸ್ಪತ್ರೆ. ಪಾಠವಿಲ್ಲ.

ಅಕ್ಟೋಬರ್ ೧೬, ಗುರುವಾರ

ನೋವು ನಿಂತಿದೆ. ಮಗು ಅಲ್ಲೇ ಗಟ್ಟಿಯಾಗಿ ಕೂತಿದೆಯಂತೆ. ನಮ್ಮ ಮನೆಯ ಹಟವೇ. ದೇವರೇ, ನಿನಗೆ ಏನು ಹೇಳಲಿ.

ನವೆಂಬರ್ ೧೧, ಮಂಗಳವಾರ

ಚಳಿ. ಪಾಠ ದಿನಕ್ಕೆ ಎರಡೇ ಗಂಟೆ, ಬಿಸಿಲು ಬೀಳುವ ಕಿಟಕಿಯ ಬಳಿ. ಉಳಿದದ್ದು ಕೆಲಸದಲ್ಲೇ ಕಲಿಯಲಿ. ಸಭೆಯ ಕೋಣೆಗೆ ಪರದೆ ಹೊಲಿಯುವುದಿತ್ತು. ಉದ್ದ, ಅಗಲ, ಸುತ್ತಳತೆ ಎಲ್ಲವನ್ನೂ ಸೂಜಿಯ ಕೈಗೇ ಬಿಟ್ಟೆ. ಟೇಪು ಹಿಡಿದು ಕಿಟಕಿಗೆ ಹತ್ತಿದಳು, ಇಳಿದಳು, ಲೆಕ್ಕ ಬರೆದಳು. ಆರು ಪರದೆ, ಒಂದೂ ಗಿಡ್ಡವಾಗಲಿಲ್ಲ. ಸುತ್ತಳತೆಯ ಲೆಕ್ಕ ಪುಸ್ತಕದಲ್ಲಿ ಬರುವ ಮೊದಲೇ ಇವಳಿಗೆ ಬಂದಿದೆ. ಅಕ್ಕನ ಶಾಲೆಯಲ್ಲಿ ಪರದೆ ಹೊಲಿಸುತ್ತಿದ್ದರೇ?

ಸಂಜೆ ನನ್ನ ತಪ್ಪು: ಕತ್ತರಿಯನ್ನು ಜಾಗದಲ್ಲಿ ಇಡಲಿಲ್ಲ.

ಡಿಸೆಂಬರ್ ೧೮, ಗುರುವಾರ

ಹೆಣ್ಣು. ಎರಡೂ ಮುಕ್ಕಾಲು ಕಿಲೋ. ತಾಯಿಯೂ ಕ್ಷೇಮ. ಮೂಗು ಗುಂಡಗಿದೆಯೆಂದು ಮಕ್ಕಳು ಗುಂಡಿ ಎಂದು ಕರೆದೂ ಆಯಿತು. ಮಗ ಪಂಪ್‌ಹೌಸಿನ ಬಟ್ಟೆಯಲ್ಲೇ ಬಂದು, ಎತ್ತಿಕೊಳ್ಳಲು ಹೆದರಿ ನಿಂತಿದ್ದ. ನಾನು ಕುಣಿಯುವುದೊಂದು ಬಾಕಿ.

ಜನವರಿ ೧೩, ಮಂಗಳವಾರ

ಬರೆಯದಿದ್ದರೆ ಎದೆ ಒಡೆಯುತ್ತದೆ.

ಕಚೇರಿಯ ಮೇಡಂ ಹತ್ತು ಗಂಟೆಗೆ ಬಂದರು. ಐವತ್ತರ ಹೆಂಗಸು, ಮೃದು ಮಾತು, ಚಪ್ಪಲಿಯನ್ನು ಬಾಗಿಲಲ್ಲಿ ಜೋಡಿಸಿ ಬಿಟ್ಟು ಬಂದರು. ಮೊದಲು ಓದಲು ಕೊಟ್ಟರು. ಸೂಜಿ ನಾಲ್ಕು ಸಾಲು ಓದಿ ನಿಂತಳು, ನನ್ನ ಕಡೆ ತಿರುಗಿದಳು. ನನ್ನ ತುಟಿ ಆಡಿತು. ಮತ್ತೆ ನಿಂತಳು, ಮತ್ತೆ ಆಡಿತು. ಮೇಡಂ ನೋಡಿದರು, ಏನೋ ಬರೆದುಕೊಂಡರು.

ಆಮೇಲೆ ಅಳತೆ. ಅವರದೇ ಸ್ಕೇಲು ಕೊಟ್ಟು ಪೆನ್ಸಿಲು, ಪುಸ್ತಕ, ಒಂದು ಪೆಟ್ಟಿಗೆ ಅಳೆಯಲು ಹೇಳಿದರು. ಸೂಜಿ ಚಕಚಕ ಅಳೆದು ಬರೆದಳು. ನನ್ನ ಎದೆ ಹಿಗ್ಗಿತು. ಮೇಡಂ ನೋಡಿದರೆ, ಪೆನ್ಸಿಲು ಹದಿಮೂರು ಸೆಂಟಿಮೀಟರು ಇದ್ದದ್ದು ಹನ್ನೆರಡು, ಪುಸ್ತಕ ಹತ್ತೊಂಬತ್ತು ಇದ್ದದ್ದು ಹದಿನೆಂಟು ಎಂದು ಬರೆದಿದ್ದಾಳಂತೆ. ಸುತ್ತಳತೆಯೂ ತಪ್ಪು. ಒಂದೂ ಸರಿಯಿಲ್ಲ.

"ಇನ್ನೊಂದ್ಸಲ ನೋಡಮ್ಮ," ಎಂದರು ಮೇಡಂ. ಇವಳು ಮತ್ತೆ ಅಳೆದು, ಮತ್ತೆ ಅದನ್ನೇ ಬರೆದಳು.

ನಾನು ಸುಮ್ಮನಿರಲಿಲ್ಲ. "ನಿಮ್ಮ ಸ್ಕೇಲೇ ಸರಿ ಇಲ್ಲ. ನಲವತ್ತು ವರ್ಷ ಅಳೆದ ಮನೆ ಇದು!" ಎಂದು ಕೂಗಿದೆ. ಒಳಗೆ ಗುಂಡಿ ಎದ್ದು ಅತ್ತಿತು. ಮೇಡಂ ಕಾಗದ ಜೋಡಿಸಿಕೊಂಡು, ಆರು ವಾರ ಬಿಟ್ಟು ಇನ್ನೊಮ್ಮೆ ಬರುತ್ತೇನೆ, ಆಗಲೂ ಆಗದಿದ್ದರೆ ಏಪ್ರಿಲ್‌ನಿಂದ ಶಾಲೆಗೆ ಕಳಿಸಲೇಬೇಕು ಎಂದರು.

ಸೂಜಿ ಹಿತ್ತಲಿಗೆ ಹೋಗಿ ಕೂತಳು. ಊಟಕ್ಕೆ ಕರೆದರೆ, "ನಾನು ಕೆಳಗಿನ ಕ್ಲಾಸಿನೋಳೇ ಅಜ್ಜಿ. ಆ ಶಾಲೆಯವರು ಹೇಳಿದ್ದು ನಿಜ," ಎಂದಳು.

ಇಲ್ಲ. ಯಾರು ಏನೇ ಬರೆಯಲಿ, ಇಲ್ಲ.

ಜನವರಿ ೧೫, ಗುರುವಾರ

ದಾರ ಪೆಟ್ಟಿಗೆಯಿಂದ ಸ್ಕೇಲು ತೆಗೆದು ಗುಂಡಿಯ ಪಾದ ಅಳೆಯುತ್ತಿದ್ದ. ನಮ್ಮ ಮನೆಯಲ್ಲಿ ಸ್ಕೇಲು ಬೆನ್ನು ಕೆರೆದುಕೊಳ್ಳಲು ಮಾತ್ರ. ಅಳೆಯಲು ಏನಿದ್ದರೂ ನನ್ನ ಟೇಪು.

"ಎಂಟು," ಎಂದ. ಆಮೇಲೆ, "ಒಂದು ತೆಗೆದ್ರೆ ಏಳು."

"ಯಾಕೋ ಒಂದು ತೆಗೀಬೇಕು?"

"ಅಳೆದ ಮೇಲೆ ಒಂದು ತೆಗೀಬೇಕಲ್ವಾ ಅಜ್ಜಿ. ನೀನೇ ಹೇಳಿದ್ದು."

ಎದ್ದು ಹೋಗಿ ಟೇಪು ತಂದು ನೋಡಿದೆ. ನನ್ನ ಟೇಪಿನ ತುದಿಯ ತಗಡು ಕಿತ್ತು ಇಪ್ಪತ್ತು ವರ್ಷವಾಯಿತು. ಹರಿದ ಮೊದಲ ಇಂಚನ್ನು ಕತ್ತರಿಸಿ ಎಸೆದು, ಒಂದರಿಂದಲೇ ಹಿಡಿದು ಅಳೆದು, ಕೊನೆಗೆ ಒಂದು ಕಳೆಯುವುದು ನನ್ನ ಅಭ್ಯಾಸ. ಉಸಿರಾಡಿದಷ್ಟು ಸಹಜ. ಹೊಸ ಟೇಪು ಕೊಳ್ಳಲು ನನಗೇನು ಕೇಡಾಗಿತ್ತು? ಅದೇ ಟೇಪು ಕೊಟ್ಟು, ಒಂದು ಕಳೆ ಎಂದು ಹೇಳಿಕೊಟ್ಟೆ, ಏಕೆ ಕಳೆಯಬೇಕು ಎಂದು ಹೇಳಲೇ ಇಲ್ಲ. ಹುಡುಗಿ ಪೆನ್ಸಿಲು ಸರಿಯಾಗಿಯೇ ಅಳೆದಿದ್ದಾಳೆ. ಅಜ್ಜಿಯ ಮಾತಿನಂತೆ ಒಂದು ಕಳೆದಿದ್ದಾಳೆ.

ಸಂಜೆ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂತು. ಹಾಲು ಉಕ್ಕಿಸಿದೆ ಎಂದೆ.

ಜನವರಿ ೧೭, ಶನಿವಾರ

ನಿನ್ನೆಯೂ ಹಾಗೇ ಏನೋ ಹೇಳಿದೆ. ಇವತ್ತು ಪ್ರಾರ್ಥನೆಗೆ ಕೂತಾಗ ಸೂಜಿಯೇ ಮೊದಲು ಬಾಯಿ ತೆರೆದಳು. ತಲೆ ಬಗ್ಗಿಸಿಕೊಂಡು, "ನನ್ನ ತಪ್ಪು, ನಾನು ದಡ್ಡಿ," ಎಂದಳು.

"ದೊಡ್ಡವರಿಂದ ಶುರು," ಎಂದೆ. ಎಲ್ಲ ಹೇಳಿದೆ. ಟೇಪು, ಕತ್ತರಿಸಿದ ಇಂಚು, ಮೊನ್ನೆಯೇ ಗೊತ್ತಾದದ್ದು, ಬಾಯಿ ಬಿಡದಿದ್ದದ್ದು.

ಮಗ ನೆಲ ನೋಡುತ್ತಿದ್ದ. ಸೂಜಿ ಎದ್ದು ನಿಂತಳು. ಕೆನ್ನೆ ಕೆಂಪಗಾಗಿತ್ತು.

"ಎರಡು ದಿನದಿಂದ ನಾನು ಸತ್ತುಹೋಗಬೇಕು ಅನ್ನೋ ಹಾಗೆ ಕೂತಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹಾಲು ಉಕ್ಕಿಸಿದೆ ಅಂದೆ."

"ಅಜ್ಜಿ ಜೊತೆ ಹಾಗೆ ಮಾತಾಡ್ತಾರೇನೇ?" ಎಂದು ಸೊಸೆ ಗದರಿದಳು.

"ಮಾತಾಡಲಿ ಬಿಡಮ್ಮ," ಎಂದೆ. ಬಾಯಿಯನ್ನೇ ಬಿಡದಿದ್ದ ಹುಡುಗಿ ಇದು.

"ಇನ್ನೂ ಇದೆ," ಎಂದಳು ಸೂಜಿ. "ನಾನು ಓದುವಾಗ ತುಟಿ ಆಡಿಸಬೇಡ. ನೀನು ಆಡಿಸಿದ್ರೆ ನಾನು ಪುಸ್ತಕ ಓದಲ್ಲ, ನಿನ್ನನ್ನೇ ಓದ್ತೀನಿ. ಮತ್ತೆ, ಲೆಕ್ಕ ಯಾಕೆ ಹಾಗೆ ಅಂತ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ಇಬ್ಬರೂ ಕೂತು ಮಾಡೋಣ. ನೀನೂ ಸ್ಲೇಟು ತಗೋ."

ದಾರ ಓಡಿಹೋಗಿ ಸ್ಲೇಟು ತಂದುಕೊಟ್ಟ. ಅವನಿಗೆ ಎಲ್ಲವೂ ಆಟ.

ಜನವರಿ ೨೭, ಮಂಗಳವಾರ

ತುಟಿ ಹಿಡಿತಕ್ಕೆ ಬರುವುದಿಲ್ಲ. ನನಗೆ ಗೊತ್ತಿಲ್ಲದೆ ಆಡುತ್ತದೆ. ಕೊನೆಗೆ ಬಟ್ಟೆ ಕತ್ತರಿಸುವಾಗ ಮಾಡುವಂತೆ ನಾಲ್ಕು ಗುಂಡುಪಿನ್ನು ತುಟಿಯಲ್ಲಿ ಕಚ್ಚಿ ಕೂತೆ. ಆಡಿಸಿದರೆ ಚುಚ್ಚುತ್ತದೆ. ಸೂಜಿ ಒಂದು ಪುಟಕ್ಕೆ ಹನ್ನೊಂದು ನಿಮಿಷ ತೆಗೆದುಕೊಂಡಳು. ಹನ್ನೊಂದು ನಿಮಿಷ ಸುಮ್ಮನಿರುವುದು ಹನ್ನೊಂದು ಅಂಗಿ ಹೊಲಿಯುವುದಕ್ಕಿಂತ ಕಷ್ಟ. ಪುಟ ಮುಗಿಸಿದಳು. ಪೂರ್ತಿ ಅವಳದೇ.

ನನ್ನ ಸ್ಲೇಟಿನ ಐದು ಲೆಕ್ಕದಲ್ಲಿ ಮೂರು ತಪ್ಪು. ಅವಳು ಗುರುತು ಹಾಕಿಕೊಟ್ಟಳು, ಕನಿಕರ ಎಳ್ಳಷ್ಟೂ ಇಲ್ಲ.

ಫೆಬ್ರುವರಿ ೨, ಸೋಮವಾರ

ಅರ್ಧಕ್ಕೆ ಕಾಲು ಕೂಡಿಸಿದರೆ ಮುಕ್ಕಾಲು, ಅದು ನನ್ನ ಕತ್ತರಿಗೂ ಗೊತ್ತು. ಅರ್ಧಕ್ಕೆ ಮೂರರಲ್ಲೊಂದು ಕೂಡಿಸುವುದು ಹೇಗೆ? ಸೊಸೆ ಕೂಸು ಹಿಡಿದುಕೊಂಡು ಕೂತಲ್ಲೇ ತೂಕಡಿಸುತ್ತಾಳೆ, ಕೇಳಲು ಮನಸ್ಸು ಬರಲಿಲ್ಲ. ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಬೇರೆ ಯಾರ ಮನೆಯೂ ಆ ಬಸ್ಸಿನ ದಾರಿಯಲ್ಲಿಲ್ಲ, ಅದಕ್ಕೇ.

"ಏನು ಮಷೀನಮ್ಮ, ದಾರಿ ತಪ್ಪಿತಾ?" ಎಂದಳು.

"ಭಿನ್ನರಾಶಿ ಕೂಡಿಸೋದು ಹೇಳಿಕೊಡು. ಕೊಂಕು ಆಮೇಲೆ ಮಾತಾಡು."

ಕನ್ನಡಕ ಹಾಕಿಕೊಂಡು ಕೂತಳು. "ಕೆಳಗಿನ ಅಂಕಿ ಎರಡಕ್ಕೂ ಒಂದೇ ಆಗಬೇಕು ಕಣೇ." ಏನೇನೋ ಗುಣಿಸಿದಳು. ನನ್ನ ತಲೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದೆ: "ಅಂದ್ರೆ ಎರಡೂ ತುಂಡನ್ನ ಆರು ಮಡಿಕೆಯ ಅಳತೆಗೆ ತರಬೇಕು ಅಂತಾನಾ? ಅರ್ಧ ಅಂದ್ರೆ ಮೂರು ಮಡಿಕೆ, ಮೂರರಲ್ಲೊಂದು ಅಂದ್ರೆ ಎರಡು ಮಡಿಕೆ. ಒಟ್ಟು ಐದು."

ಅಕ್ಕ ಪೆನ್ನು ಕೆಳಗಿಟ್ಟಳು. "ಮೂವತ್ತೈದು ವರ್ಷ ಪಾಠ ಹೇಳಿದೀನಿ. ಒಂದು ಕರವಸ್ತ್ರ ಮಡಿಚಿ ತೋರಿಸಬಹುದಿತ್ತು ಅಂತ ಒಂದು ದಿನ ಹೊಳೀಲಿಲ್ಲ ನೋಡು."

ಚಹಾ ಕೊಟ್ಟಳು. ಕೊಡುವಾಗ, "ಅಪ್ಪ ನನ್ನನ್ನ ಶಾಲೆಗೆ ಕಳಿಸಿ ನಿನ್ನನ್ನ ಮಷೀನಿಗೆ ಕೂರಿಸಿದ್ರು. ಅದು ನಾನು ಕೇಳಿದ್ದಲ್ಲ," ಎಂದಳು. ಐವತ್ತೆಂಟು ವರ್ಷದಲ್ಲಿ ಆ ಮಾತು ಎಂದೂ ಎತ್ತಿದವಳಲ್ಲ.

"ಚಹಾ ತಣ್ಣಗಾಗ್ತಿದೆ," ಎಂದೆ.

ಗುರುವಾರ ಮತ್ತೆ ಹೋಗಬೇಕು. ಗುಣಾಕಾರ ಬಾಕಿಯಿದೆ.

ಫೆಬ್ರುವರಿ ೨೪, ಮಂಗಳವಾರ

ಮೇಡಂ ಹತ್ತಕ್ಕೆ ಸರಿಯಾಗಿ ಬಂದರು. ಅಕ್ಕ ಒಂಬತ್ತಕ್ಕೇ ಬಂದು ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದಳು. ಸುಮ್ಮನೆ ನೋಡಲು ಬಂದಳಂತೆ.

ಅವರು ಕೂರುವ ಮೊದಲೇ ನಾನು ಹೇಳಿದೆ: "ಹೋದ ಸಲ ನಿಮ್ಮ ಸ್ಕೇಲು ಸರಿಯಿತ್ತು. ಮಗೂನೂ ಸರಿಯಾಗೇ ಅಳೆದಿತ್ತು. ತಪ್ಪು ನನ್ನ ಟೇಪಿನದು, ಅದನ್ನ ಕೊಟ್ಟ ನನ್ನದು." ಟೇಪು ತೋರಿಸಿದೆ. ಮೇಡಂ ಅದನ್ನು ತಿರುಗಿಸಿ ನೋಡಿ, ತುಟಿ ಬಿಗಿ ಹಿಡಿದು ನಗು ತಡೆದುಕೊಂಡರು. ನಕ್ಕಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ.

ಅಳತೆ ಸರಿ ಬಂತು. ಭಿನ್ನರಾಶಿಯೂ ಸರಿ. ಉಳಿದದ್ದು ಓದು. ಹೊಸ ಪುಟ, ಉದ್ದುದ್ದ ಪದಗಳು. ನಾನು ಪಿನ್ನು ಕಚ್ಚಿ ಮೂಲೆಯಲ್ಲಿ ಕೂತೆ. ಆರನೇ ಸಾಲಿನಲ್ಲಿ ಸೂಜಿ ನಿಂತಳು. ನನ್ನ ಕಡೆ ತಿರುಗಲಿಲ್ಲ. ಮೇಡಂ ದಯೆಯಿಂದಲೇ ಬಗ್ಗಿ, "ಆ ಪದ ಬಿಟ್ಟು ಮುಂದಕ್ಕೆ ಹೋಗೋಣ್ವಾ ಪುಟ್ಟಿ?" ಎಂದರು.

"ಬೇಡ ಮೇಡಂ," ಎಂದಳು ಸೂಜಿ. "ತಡೀರಿ. ನಾನು ನಿಧಾನ. ನಿಧಾನ ಅಂದ್ರೆ ಬರಲ್ಲ ಅಂತ ಅಲ್ಲ."

ಮೇಡಂ ಪೆನ್ನು ಮುಚ್ಚಿ, ಕೈ ಕಟ್ಟಿ ಕೂತರು. ಎಷ್ಟು ಹೊತ್ತಾಯಿತೋ. ಸೂಜಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು, ಪದ ಹೇಳಿದಳು, ಸಾಲಿನ ಮೊದಲಿಗೆ ಹೋಗಿ ಪೂರ್ತಿ ಇನ್ನೊಮ್ಮೆ ಓದಿದಳು. ಪುಟದ ಕೊನೆಯವರೆಗೂ ಓದಿದಳು. ಅರ್ಥ ಕೇಳಿದರೆ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು, ಬರೆದವರದೇ ಒಂದು ಕಡೆ ತಪ್ಪಿದೆ ಎಂದೂ ಸೇರಿಸಿದಳು.

ಮೇಡಂ ಅನುಮತಿಯ ಕಾಗದ ತೆಗೆದರು. ಹೆಸರು, ವಯಸ್ಸು ಬರೆದಾಯಿತು. "ಈ ವರ್ಷ ಪಾಠ ಹೇಳಿದ್ದು ನೀವೇ ಅಂತ ನಿಮ್ಮ ಸೊಸೆ ಹೇಳಿದ್ರು. ನಿಮ್ಮ ವಿದ್ಯಾಭ್ಯಾಸ ಎಷ್ಟು?"

ಅಕ್ಕ ಕುರ್ಚಿಯಲ್ಲಿ ಅಲುಗಿದಳು. ಏನೋ ಹೇಳಿ ನನ್ನನ್ನು ಕಾಪಾಡುವವಳಿದ್ದಳು ಎಂದು ತೋರುತ್ತದೆ. ನಾನು ಬಾಯಿಂದ ಪಿನ್ನು ತೆಗೆದೆ.

"ಮೂರನೇ ತರಗತಿ. ಬರೀರಿ. ಓದೋಕೆ ಆಗೋ ಹಾಗೆ ದೊಡ್ಡದಾಗಿ ಬರೀರಿ."

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಸೂಜಿ ಕೈ ಅಡ್ಡ ಹಿಡಿದಳು.

"ಅದು ಹಳೇದು ಮೇಡಂ. ಈಗ ಅಜ್ಜಿ ಐದನೇದು ಓದ್ತಿದಾಳೆ. ನನ್ನ ಜೊತೆ."

"ಲೆಕ್ಕದಲ್ಲಿ ಹಿಂದೆ," ಎಂದ ದಾರ.

ಅಕ್ಕ ಕಟ್ಟಿಸಿದ ಹಲ್ಲು ಬೀಳುವ ಹಾಗೆ ನಕ್ಕಳು. ಮೇಡಂ ಆ ಜಾಗದಲ್ಲಿ ಏನು ಬರೆದರೋ ನಾನು ನೋಡಲಿಲ್ಲ. ಕೆಳಗೆ ಮೊಹರು ಬಿತ್ತು. ಒಂದು ವರ್ಷ.

ಫೆಬ್ರುವರಿ ೨೫, ಬುಧವಾರ

ಅಕ್ಕ ಸಂಜೆ ಫೋನು ಮಾಡಿ, ವಾರಕ್ಕೆರಡು ದಿನ ತಾನೇ ಬರುತ್ತೇನೆ, ಬಸ್ಸಿನಲ್ಲಿ ನನ್ನ ಮಂಡಿಗೆ ಕಷ್ಟ ಎಂದಳು. ಬಂದರೆ ಬರಲಿ, ನಮ್ಮ ಮೇಜಿಗೆ ಇನ್ನೊಂದು ಕುರ್ಚಿ ಹಿಡಿಸುತ್ತದೆ. ದರ್ಜಿಯ ಹೆಂಡತಿಗೂ ಹೇಳಿಕಳಿಸಿದೆ, ನಾದಿನಿಗೆ ಹೆದರಬೇಡ, ಮಗನನ್ನು ಕರೆದುಕೊಂಡು ಬಾ ಎಂದು.

ಸೂಜಿ ಮುಂದಿನ ಪಾಠ ತೆರೆದು ನನ್ನ ಮುಂದೆ ಇಟ್ಟಿದ್ದಾಳೆ. ಭಿನ್ನರಾಶಿಯ ಭಾಗಾಕಾರ. ಒಂದು ತುಂಡನ್ನು ಇನ್ನೊಂದು ತುಂಡಿನಿಂದ ಭಾಗಿಸುವುದಂತೆ, ಉತ್ತರ ದೊಡ್ಡದಾಗಿ ಬರುತ್ತದಂತೆ. ಭಾಗಿಸಿದರೆ ದೊಡ್ಡದಾಗುವುದು ಹೇಗೆ? ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಬೆಳಗ್ಗೆ ಇಬ್ಬರೂ ಅದರ ಮೇಲೆ ಬೀಳುತ್ತೇವೆ.